ಅಪ್ಪಾಜಿಯ ಮಾತ್ರೆಯೂ ಗಿಡದಿಂದಲೇ ಬಂದದ್ದು

ಪ್ರಶ್ನೆ: ನಮ್ಮದು ಹೊಳಲ್ಕೆರೆ ಹತ್ತಿರದ ಹಳ್ಳಿ. ಅಪ್ಪಾಜಿಗೆ 61 ವರ್ಷ, ಒಂಬತ್ತು ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಒಂದೂವರೆ ತಿಂಗಳ ಹಿಂದೆ ನಮ್ಮ ಸೋದರಮಾವ ಒಂದು ಪುಡಿ ತಂದುಕೊಟ್ಟರು. ಮಧುನಾಶಿನಿ, ನೇರಳೆ ಬೀಜ, ತಂಗಡಿ ಹೂವು, ಅಮೃತಬಳ್ಳಿ ಸೇರಿಸಿ ಮಾಡಿದ್ದಂತೆ. ಜೊತೆಗೆ ದಿನಾ ಬೆಳಿಗ್ಗೆ ಹಿತ್ತಲಿನ ನಿತ್ಯಪುಷ್ಪದ ಏಳು ಹೂವು ಅಗಿಯುತ್ತಾರೆ. ಮಾತ್ರೆ ಪೂರ್ತಿ ಬಿಟ್ಟಿದ್ದಾರೆ. ಅವತ್ತಿನಿಂದ ಶುಗರ್ ಪರೀಕ್ಷೆಯನ್ನೂ ಮಾಡಿಸಿಲ್ಲ. "ಮಾತ್ರೆ ಕೆಮಿಕಲ್, ಇದು ಗಿಡ. ಮೈ ಹಗುರ ಆಗಿದೆ" ಅಂತಾರೆ. ಗಿಡದ ಸತ್ವದಿಂದ ಶುಗರ್ ಗುಣವಾಗುತ್ತದೆ ಎಂದು ಸಂಶೋಧನೆಯಲ್ಲೂ ಬಂದಿದೆಯಂತೆ, ನಿಜವೇ? ನಾನು ಏನು ಮಾಡಲಿ? ಆ ನಿತ್ಯಪುಷ್ಪದ ಗಿಡ ಕಿತ್ತು ಹಾಕಲಾ?

ಉತ್ತರ:

ತಂಗಿ, ಮೊದಲು ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಪ್ಪಾಜಿಯ ಶುಗರ್ ನೋಡಿಸಿ. ಊರಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. 250 ದಾಟಿದ್ದರೆ, ಅಥವಾ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ವಿಪರೀತ ಸುಸ್ತು ಇದ್ದರೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಪುಡಿಯ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ, ಮುಚ್ಚಿಡಬೇಡಿ. ಮಾತ್ರೆಯನ್ನು ಯಾವ ಪ್ರಮಾಣದಲ್ಲಿ ಮತ್ತೆ ಶುರು ಮಾಡಬೇಕು ಅನ್ನುವುದನ್ನು ಅವರೇ ಹೇಳಲಿ. ಪುಡಿ ತಿನ್ನುತ್ತಲೇ ಗ್ಲಿಮೆಪಿರೈಡ್ ನುಂಗಿದರೆ ಶುಗರ್ ಒಮ್ಮೆಲೇ ಕೆಳಗಿಳಿಯಬಹುದು. ಅದು ಶುಗರ್ ಏರುವುದಕ್ಕಿಂತ ಬೇಗ ಅಪಾಯ ತರುತ್ತದೆ.

"ಮೈ ಹಗುರ ಆಗಿದೆ" ಅನ್ನುವ ಮಾತು ನನ್ನನ್ನು ಜಾಸ್ತಿ ಕಾಡಿತು. ಅಪ್ಪಾಜಿ ಸುಳ್ಳು ಹೇಳುತ್ತಿಲ್ಲ. ಮೆಟ್‌ಫಾರ್ಮಿನ್ ಕೆಲವರಿಗೆ ಹೊಟ್ಟೆ ಉಬ್ಬರ, ಭೇದಿ ತರುತ್ತದೆ. ಬಿಟ್ಟ ತಕ್ಷಣ ಹೊಟ್ಟೆ ಹಗುರ ಅನ್ನಿಸುತ್ತದೆ. ಆದರೆ ಶುಗರ್ ಏರಿದಾಗ ಅದು ಮೂತ್ರದಲ್ಲಿ ಹೋಗುತ್ತದೆ, ತೂಕ ಇಳಿಯುತ್ತದೆ. ಆಗಲೂ ಮೈ ಹಗುರವೇ ಆಗುತ್ತದೆ. ಏರಿದ ಶುಗರ್ ನೋಯುವುದಿಲ್ಲ, ಅದೇ ದೊಡ್ಡ ಮೋಸ. ಒಮ್ಮೆ ತೂಕವನ್ನೂ ನೋಡಿ. ಒಂದೂವರೆ ತಿಂಗಳಲ್ಲಿ ಮೂರು ನಾಲ್ಕು ಕೆಜಿ ಇಳಿದಿದ್ದರೆ ಸಂತೋಷಪಡುವ ಹಾಗಿಲ್ಲ.

ಈಗ ಗಿಡದ ವಿಷಯಕ್ಕೆ ಬರುತ್ತೇನೆ. ನಾನು ದಾವಣಗೆರೆಯಲ್ಲಿ ಫಾರ್ಮಸಿ ಮಕ್ಕಳಿಗೆ ಬಹಳ ವರ್ಷ ಪಾಠ ಮಾಡಿದವನು. ಗಿಡಮೂಲಿಕೆಯಿಂದ ಔಷಧಿ ಹೇಗೆ ಬರುತ್ತದೆ ಅನ್ನುವುದೇ ನನ್ನ ವಿಷಯ. ಮಳೆಗಾಲ ಮುಗಿಯುತ್ತಿದ್ದ ಹಾಗೆ ಮಕ್ಕಳನ್ನು ಚಿತ್ರದುರ್ಗದ ಜೋಗಿಮಟ್ಟಿಗೆ ಕರೆದುಕೊಂಡು ಹೋಗಿ ಗಿಡ ಗುರುತಿಸುವುದನ್ನು ಕಲಿಸುತ್ತಿದ್ದೆ. ಗಿಡದ ಮೇಲೆ ನನಗೆ ಪ್ರೀತಿ ಇದೆ, ನಂಬಿಕೆಯೂ ಇದೆ. ಅದಕ್ಕೇ ಅಪ್ಪಾಜಿಯ "ಮಾತ್ರೆ ಕೆಮಿಕಲ್, ಇದು ಗಿಡ" ಅನ್ನುವ ಮಾತನ್ನು ಬಿಡಿಸಿ ಹೇಳಬೇಕು ಅನ್ನಿಸುತ್ತಿದೆ.

ಅವರು ಬಿಟ್ಟಿರುವ ಮೆಟ್‌ಫಾರ್ಮಿನ್‌ನ ಬೇರು ಒಂದು ಗಿಡದಲ್ಲೇ ಇದೆ. ಯುರೋಪಿನ ಹುಲ್ಲುಗಾವಲುಗಳಲ್ಲಿ ಗಲೇಗಾ ಅಫಿಸಿನಾಲಿಸ್ ಎಂಬ ಗಿಡ ಬೆಳೆಯುತ್ತದೆ. ನಮ್ಮ ಹುರುಳಿ, ತೊಗರಿಯ ಕುಟುಂಬಕ್ಕೇ ಸೇರಿದ್ದು. ಅಲ್ಲಿನ ಹಳೆಯ ನಾಟಿ ವೈದ್ಯರು ಇದನ್ನು ಹಲವು ಕಾಯಿಲೆಗೆ ಕೊಡುತ್ತಿದ್ದರು. ಇದರಲ್ಲಿ ಗಲೇಜಿನ್ ಎಂಬ ವಸ್ತು ಇದೆ. ಅದು ಶುಗರ್ ಇಳಿಸುತ್ತದೆ ಎಂದು ಗೊತ್ತಾಗಿ 1920ರ ದಶಕದಲ್ಲಿ ರೋಗಿಗಳಿಗೂ ಕೊಟ್ಟು ನೋಡಿದರು. ಆದರೆ ಅದು ವಿಷ. ಈ ಗಿಡ ಮೇಯ್ದು ಕುರಿಗಳು ಸತ್ತದ್ದಿದೆ. ಹಾಗಾಗಿ ಕೈಬಿಡಬೇಕಾಯಿತು.

ಅದೇ ಕಾಲದಲ್ಲಿ, 1922ರಲ್ಲಿ, ಡಬ್ಲಿನ್‌ನಲ್ಲಿ ವರ್ನರ್ ಮತ್ತು ಬೆಲ್ ಎಂಬ ಇಬ್ಬರು ಗಲೇಜಿನ್‌ಗೆ ಹತ್ತಿರದ ಸಂಬಂಧಿಯಾದ ಮೆಟ್‌ಫಾರ್ಮಿನ್ ತಯಾರಿಸಿದ್ದರು. ಮೂವತ್ತು ವರ್ಷ ಅದನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. ಪ್ಯಾರಿಸ್‌ನ ಡಾಕ್ಟರ್ ಜೀನ್ ಸ್ಟರ್ನ್ ರೋಗಿಗಳಿಗೆ ಕೊಟ್ಟು ನೋಡಿ 1957ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಮೆರಿಕದವರು ಅದನ್ನು ಒಪ್ಪಿದ್ದು 1994ರಲ್ಲಿ. ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 1998ರಲ್ಲಿ ಬಂತು. ತೂಕ ಜಾಸ್ತಿ ಇದ್ದ ಶುಗರ್ ರೋಗಿಗಳಲ್ಲಿ ಮೆಟ್‌ಫಾರ್ಮಿನ್ ಹೃದಯಾಘಾತವನ್ನೂ ಕಡಿಮೆ ಮಾಡಿತ್ತು. ಇದಕ್ಕೆ ಫೆನ್‌ಫಾರ್ಮಿನ್ ಎಂಬ ಒಡಹುಟ್ಟು ಒಂದಿತ್ತು. ಅದೂ ಶುಗರ್ ಇಳಿಸುತ್ತಿತ್ತು, ಇನ್ನೂ ಜೋರಾಗಿಯೇ. ಆದರೆ ರಕ್ತದಲ್ಲಿ ಆಮ್ಲ ಏರಿಸಿ ಜೀವ ತೆಗೆಯುತ್ತಿತ್ತು. 1970ರ ದಶಕದಲ್ಲಿ ಅನೇಕ ದೇಶಗಳು ಅದನ್ನು ತೆಗೆದುಹಾಕಿದವು. ಒಂದೇ ಮನೆಯ ಮೂರು ವಸ್ತುಗಳು. ಒಂದು ಕುರಿ ಕೊಂದಿತು, ಇನ್ನೊಂದು ಮನುಷ್ಯರನ್ನು ಕೊಂದಿತು, ಮೂರನೆಯದು ಅಪ್ಪಾಜಿಯ ಮಾತ್ರೆ ಡಬ್ಬಿಯಲ್ಲಿದೆ. ಯಾವುದು ಯಾವುದು ಅಂತ ತಿಳಿದದ್ದು ಅಳೆದು ನೋಡಿದ್ದರಿಂದ.

ಡಾಪಾಗ್ಲಿಫ್ಲೋಜಿನ್ ಎಂಬ ಈಚಿನ ಶುಗರ್ ಮಾತ್ರೆಯದೂ ಇಂಥದೇ ಕಥೆ. 1835ರಲ್ಲಿ ಸೇಬಿನ ಮರದ ತೊಗಟೆಯಿಂದ ಫ್ಲೋರಿಜಿನ್ ಎಂಬ ವಸ್ತು ತೆಗೆದರು. ಅದು ಮೂತ್ರದಲ್ಲಿ ಸಕ್ಕರೆ ಹೊರಗೆ ಹಾಕಿಸುತ್ತಿತ್ತು. ಆದರೆ ಬಾಯಲ್ಲಿ ತಿಂದರೆ ಕರುಳಲ್ಲೇ ಒಡೆದುಹೋಗುತ್ತದೆ, ಭೇದಿ ಹಿಡಿಸುತ್ತದೆ. ಕರುಳಲ್ಲಿ ಒಡೆಯದ ಹಾಗೆ, ಮೂತ್ರಪಿಂಡದಲ್ಲಿ ಮಾತ್ರ ಕೆಲಸ ಮಾಡುವ ಹಾಗೆ ಅದನ್ನು ತಿದ್ದಿ ತೀಡಲು ನೂರೈವತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಈಗ ಅದು ಹೃದಯ, ಮೂತ್ರಪಿಂಡ ಎರಡಕ್ಕೂ ಒಳ್ಳೆಯದು ಎಂದು ಸಾಬೀತಾಗಿದೆ. 2020ರಲ್ಲಿ ನಮ್ಮ ದೇಶದಲ್ಲಿ ಪೇಟೆಂಟ್ ಮುಗಿದ ಮೇಲೆ ಬೆಲೆಯೂ ಚೆನ್ನಾಗಿ ಇಳಿದಿದೆ. ಸೇಬಿನ ತೊಗಟೆಯ ಕಷಾಯ ಕುಡಿದರೆ ಇದು ಆಗುವುದಿಲ್ಲ.

ಇನ್ನು ನಿಮ್ಮ ಹಿತ್ತಲಿನ ನಿತ್ಯಪುಷ್ಪ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಅಪ್ಪಾಜಿ ಸೇವಿಸುತ್ತಿರುವುದರಲ್ಲಿ ನನಗೆ ಜಾಸ್ತಿ ಭಯ ಇರುವುದು ಇದರದೇ.

ಈ ಹೂವು ಶುಗರ್‌ಗೆ ಒಳ್ಳೆಯದು ಅನ್ನುವ ನಂಬಿಕೆ ನಮ್ಮಲ್ಲಿ ಮಾತ್ರ ಅಲ್ಲ, ಜಮೈಕಾ ದ್ವೀಪದಲ್ಲೂ ಇತ್ತು. 1950ರ ದಶಕದ ಶುರುವಿನಲ್ಲಿ ಅಲ್ಲಿಂದ ಕೆನಡಾಕ್ಕೆ ಒಂದು ಲಕೋಟೆ ಬಂತು. ಅದರಲ್ಲಿ ಇದೇ ಗಿಡದ ಎಲೆಗಳು. ಬಂದದ್ದು ಕ್ಲಾರ್ಕ್ ನೋಬಲ್ ಎಂಬ ಡಾಕ್ಟರಿಗೆ. ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದ ತಂಡದ ಜೊತೆ ಅವರೂ ಕೆಲಸ ಮಾಡಿದ್ದರು. ಜಮೈಕಾದ ಜನ ಶುಗರ್‌ಗೆ ಇದರ ಕಷಾಯ ಕುಡಿಯುತ್ತಾರೆ, ನೋಡಿ ಅಂತ ಅವರ ರೋಗಿಯೊಬ್ಬರು ಕಳಿಸಿದ್ದರು. ಕ್ಲಾರ್ಕ್ ಅದನ್ನು ತಮ್ಮ ಸೋದರ ರಾಬರ್ಟ್ ನೋಬಲ್ ಅವರ ಪ್ರಯೋಗಾಲಯಕ್ಕೆ ಕೊಟ್ಟರು. ರಾಬರ್ಟ್ ಇಲಿಗಳಿಗೆ ಬಾಯಿಯಲ್ಲಿ ಕೊಟ್ಟು ನೋಡಿದರು. ಶುಗರ್ ಇಳಿಯಲಿಲ್ಲ. ಚುಚ್ಚುಮದ್ದಾಗಿ ಕೊಟ್ಟರು. ಆಗಲೂ ಶುಗರ್ ಇಳಿಯಲಿಲ್ಲ, ಆದರೆ ಇಲಿಗಳು ಸೋಂಕು ತಗುಲಿ ಸಾಯತೊಡಗಿದವು. ರಕ್ತ ನೋಡಿದರೆ ಬಿಳಿ ರಕ್ತಕಣಗಳು ಕುಸಿದುಹೋಗಿದ್ದವು.

ಬೇರೆಯವರಾಗಿದ್ದರೆ ಎಲೆ ಬಿಸಾಡುತ್ತಿದ್ದರೋ ಏನೋ. ಅವರು ಇನ್ನೊಂದು ರೀತಿ ಯೋಚಿಸಿದರು. ಬಿಳಿ ಕಣ ವಿಪರೀತ ಬೆಳೆಯುವ ಕಾಯಿಲೆ ಇದೆಯಲ್ಲ, ರಕ್ತದ ಕ್ಯಾನ್ಸರ್, ಅದಕ್ಕೆ ಇದು ಆಗಬಹುದಲ್ಲವೇ? ಚಾರ್ಲ್ಸ್ ಬಿಯರ್ ಎಂಬ ರಸಾಯನ ವಿಜ್ಞಾನಿ ಜೊತೆ ಸೇರಿದರು. 1958ರ ಹೊತ್ತಿಗೆ ವಿನ್‌ಬ್ಲಾಸ್ಟಿನ್ ಎಂಬ ಔಷಧಿ ಕೈಗೆ ಬಂತು. ಅದರ ಬೆನ್ನಿಗೇ ಅದೇ ಗಿಡದಿಂದ ವಿನ್‌ಕ್ರಿಸ್ಟಿನ್ ಬಂತು. ಇವತ್ತಿಗೂ ರಕ್ತದ ಕ್ಯಾನ್ಸರ್ ಇರುವ ಮಕ್ಕಳಿಗೆ ವಿನ್‌ಕ್ರಿಸ್ಟಿನ್ ಕೊಡುತ್ತಾರೆ. ಎಷ್ಟೋ ಮಕ್ಕಳು ಬದುಕಿ ಉಳಿದಿದ್ದಾರೆ. ಈ ಪಾಠ ಮಾಡುವಾಗ ಪ್ರತಿ ಸಲವೂ ನನಗೆ ಮೈ ಜುಮ್ಮೆನ್ನುತ್ತಿತ್ತು.

ಯೋಚಿಸಿ ನೋಡಿ. ಜನ ಶುಗರ್‌ಗೆ ಅಂದುಕೊಂಡು ಕುಡಿಯುತ್ತಿದ್ದ ಗಿಡದ ಸತ್ವ ಜೀವಕೋಶ ಒಡೆದು ಎರಡಾಗುವುದನ್ನೇ ತಡೆಯುತ್ತದೆ. ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇದನ್ನು ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತ ಪರೀಕ್ಷೆ ನೋಡಿ ನೋಡಿ ಕೊಡುತ್ತಾರೆ. ನಿಮ್ಮಪ್ಪ ಹಿತ್ತಲಲ್ಲಿ ನಿಂತು ಏಳು ಹೂವು ಅಗಿಯುತ್ತಿದ್ದಾರೆ. ಏಳು ಹೂವಿನಲ್ಲಿ ಇರುವ ಪ್ರಮಾಣ ಕಡಿಮೆಯೇ. ಆದರೆ ಈ ಗಿಡದ ಕಷಾಯ ಕುಡಿದು ಬಿಳಿ ಕಣ ಕುಸಿದು ಆಸ್ಪತ್ರೆ ಸೇರಿದವರ ವರದಿಗಳಿವೆ. ಹೂವು ಇವತ್ತೇ ನಿಲ್ಲಲಿ. ಡಾಕ್ಟರಿಗೆ ಹೇಳಿ ರಕ್ತಕಣಗಳ ಪರೀಕ್ಷೆಯನ್ನೂ ಮಾಡಿಸಿ.

ಮಧುನಾಶಿನಿಯ ವಿಷಯ ಬೇರೆ. ಪುಡಿಯಲ್ಲಿರುವ ನಾಲ್ಕರಲ್ಲಿ ನನಗೆ ಸ್ವಲ್ಪ ಗೌರವ ಇರುವುದು ಇದರ ಮೇಲೆ. ತರಗತಿಯಲ್ಲಿ ಮಕ್ಕಳಿಗೆ ಒಂದೊಂದು ಹಸಿ ಎಲೆ ಅಗಿಯಲು ಕೊಡುತ್ತಿದ್ದೆ. ಆಮೇಲೆ ಒಂದು ಚಿಟಿಕೆ ಸಕ್ಕರೆ. ಮರಳು ಬಾಯಿಗೆ ಹಾಕಿಕೊಂಡ ಹಾಗಿರುತ್ತದೆ, ಸಿಹಿಯೇ ಇಲ್ಲ. ಎಲೆಯ ಜಿಮ್ನೆಮಿಕ್ ಆಮ್ಲ ನಾಲಗೆಯ ಮೇಲೆ ಸಿಹಿ ಹಿಡಿಯುವ ಜಾಗಕ್ಕೆ ಅಂಟಿಕೊಂಡುಬಿಡುತ್ತದೆ. ಸುಮಾರು ಅರ್ಧ ಗಂಟೆ ಹಾಗೇ ಇರುತ್ತದೆ. ಇದನ್ನು ಒಮ್ಮೆ ಅನುಭವಿಸಿದವರು "ನಾಲಗೆಯ ಸಿಹಿ ಕೊಂದದ್ದು ರಕ್ತದ ಸಿಹಿ ಕೊಲ್ಲದೇ ಇರುತ್ತದೆಯೇ" ಎಂದು ನಂಬಿಬಿಡುತ್ತಾರೆ. ನಾಲಗೆಯ ಕೆಲಸ ಬೇರೆ, ಇನ್ಸುಲಿನ್ ಮಾಡುವ ಮೇದೋಜೀರಕ ಗ್ರಂಥಿಯ ಕೆಲಸ ಬೇರೆ.

ಆದರೂ ಇದರ ಮೇಲೆ ಮನುಷ್ಯರಲ್ಲೇ ಅಧ್ಯಯನ ಆಗಿದೆ. 1990ರಲ್ಲಿ ಮದ್ರಾಸಿನಿಂದ ಪ್ರಕಟವಾದ ಒಂದರಲ್ಲಿ 22 ರೋಗಿಗಳಿಗೆ ಎಲೆಯ ಸತ್ವವನ್ನು ದಿನಕ್ಕೆ 400 ಮಿಲಿಗ್ರಾಂನಂತೆ ಒಂದೂವರೆ ವರ್ಷಕ್ಕೂ ಜಾಸ್ತಿ ಕಾಲ ಕೊಟ್ಟರು. ಶುಗರ್ ಇಳಿಯಿತು. ಐವರು ಮಾತ್ರೆ ಬಿಟ್ಟೂ ಇರಲು ಸಾಧ್ಯವಾಯಿತು. ನಿಮ್ಮ ಮಾವ ಕೇಳಿರುವ "ಸಂಶೋಧನೆ" ಇದೇ ಇರಬಹುದು. ಆದರೆ ಅಲ್ಲಿ ಮೊದಲ ದಿನವೇ ಮಾತ್ರೆ ಎಸೆಯಲಿಲ್ಲ. ಮಾತ್ರೆಯ ಜೊತೆಗೆ ಸತ್ವ ಕೊಟ್ಟು, ರಕ್ತ ನೋಡುತ್ತಾ ಮಾತ್ರೆ ಇಳಿಸಿದರು. ಉಳಿದ 17 ಜನ ಮಾತ್ರೆ ಪೂರ್ತಿ ಬಿಡಲಿಲ್ಲ. ಅವರು ಕೊಟ್ಟದ್ದು ಒಂದೇ ಪ್ರಮಾಣದ ಸತ್ವ, ಚಮಚದಲ್ಲಿ ಕಣ್ಣಳತೆಯ ಪುಡಿ ಅಲ್ಲ. ಅಷ್ಟಾಗಿಯೂ 22 ಜನರ ಅಧ್ಯಯನ ಬಹಳ ಚಿಕ್ಕದು. ಮಧುನಾಶಿನಿಯಲ್ಲಿ ಏನೋ ಇದೆ ಎಂದು ಅದರಿಂದ ಹೇಳಬಹುದು. ನಿಮ್ಮ ಅಪ್ಪಾಜಿಗೆ ಇದು ಸಾಕು ಎಂದು ಹೇಳಲು ಆಗುವುದಿಲ್ಲ.

ಪತ್ರಿಕೆಯಲ್ಲಿ ಬರುವ ಬಹುತೇಕ ಸುದ್ದಿ ಇಲಿಗಳ ಮೇಲಿನದು. ನಮ್ಮ ಕಾಲೇಜುಗಳಲ್ಲೂ ಅಂಥ ಪ್ರಾಜೆಕ್ಟ್ ಎಷ್ಟೋ ಆಗಿವೆ, ನಾನೇ ಮಾಡಿಸಿದ್ದೇನೆ. ಇಲಿಗೆ ಒಂದು ವಿಷದ ಚುಚ್ಚುಮದ್ದು ಕೊಟ್ಟು ಇನ್ಸುಲಿನ್ ಮಾಡುವ ಕೋಶಗಳನ್ನು ಹಾಳು ಮಾಡುತ್ತೇವೆ. ಶುಗರ್ ಏರುತ್ತದೆ. ಆಮೇಲೆ ಗಿಡದ ಸತ್ವ ಕೊಡುತ್ತೇವೆ. ಅಪ್ಪಾಜಿಗೆ ಶುಗರ್ ಬಂದದ್ದು ಹಾಗಲ್ಲ. ಪ್ರಮಾಣವನ್ನೂ ನೋಡಿ. ಇಲಿಗೆ ಸಾಮಾನ್ಯವಾಗಿ ಕೆಜಿ ತೂಕಕ್ಕೆ 400 ಮಿಲಿಗ್ರಾಂ ಸತ್ವ ಕೊಡುತ್ತೇವೆ. ಅದನ್ನು ಮನುಷ್ಯನ ಲೆಕ್ಕಕ್ಕೆ ತರಲು ಸುಮಾರು ಆರರಿಂದ ಭಾಗಿಸಬೇಕು. 60 ಕೆಜಿ ತೂಕದವರಿಗೆ ದಿನಕ್ಕೆ 4 ಗ್ರಾಂ ಸತ್ವ ಆಯಿತು. ನೂರು ಗ್ರಾಂ ಒಣ ಎಲೆಯಿಂದ ಹತ್ತು ಗ್ರಾಂ ಸತ್ವ ಬರುತ್ತದೆ ಅಂತ ಇಟ್ಟುಕೊಂಡರೂ ದಿನಾ 40 ಗ್ರಾಂ ಒಣ ಎಲೆ ತಿನ್ನಬೇಕು. ಒಂದು ಚಮಚ ಪುಡಿ ಎಂದರೆ ಎರಡು ಮೂರು ಗ್ರಾಂ. ಇಲಿಯಲ್ಲಿ ಕಂಡ ಫಲ ಚಮಚದಲ್ಲಿ ಎಲ್ಲಿಂದ ಬರಬೇಕು?

ನೇರಳೆಯ ಬಗ್ಗೆ ಬ್ರೆಜಿಲ್‌ನಲ್ಲಿ ಒಂದು ತಂಡ ಬಹಳ ಶ್ರದ್ಧೆಯಿಂದ ಕೆಲಸ ಮಾಡಿತು. ಅಲ್ಲಿನ ಜನ ಶುಗರ್‌ಗೆ ನೇರಳೆ ಎಲೆಯ ಚಹಾ ಕುಡಿಯುತ್ತಾರೆ. ರೋಗಿಗಳಲ್ಲಿ ಪರೀಕ್ಷಿಸಿದರೆ ಏನೂ ವ್ಯತ್ಯಾಸ ಕಾಣಲಿಲ್ಲ. ಬೀಜದ್ದು ಇಲಿಗಳಲ್ಲಿ ಚೆನ್ನಾಗಿದೆ, ಅಷ್ಟೇ. ತಂಗಡಿ ನಮ್ಮ ನೆಲದ ಗಿಡ. ಹಿರಿಯೂರಿನಿಂದ ಚಿತ್ರದುರ್ಗದ ಕಡೆ ಬರುವಾಗ ರಸ್ತೆ ಪಕ್ಕ ಹಳದಿ ಹೂ ಬಿಟ್ಟು ನಿಂತಿರುತ್ತದೆ, ಮಳೆ ಇಲ್ಲದಿದ್ದರೂ. ಆದರೆ ಯಕೃತ್ತಿಗೆ ಕೆಟ್ಟದ್ದು ಮಾಡುವ ಒಂದು ಜಾತಿಯ ವಸ್ತು ಈ ಗಿಡದಲ್ಲಿದೆ ಎಂದು ಶ್ರೀಲಂಕಾದ ಸಂಶೋಧಕರು 1981ರಲ್ಲೇ ಬರೆದಿದ್ದಾರೆ. ಅಮೃತಬಳ್ಳಿಯದೂ ಯಕೃತ್ತಿನದೇ ಚಿಂತೆ. ಕೊರೊನಾ ಕಾಲದಲ್ಲಿ ಎಲ್ಲರೂ ಇದರ ಕಷಾಯ ಕುಡಿದರು. ಆಮೇಲೆ ಮುಂಬೈಯಲ್ಲಿ ಆರು ಜನರಿಗೆ ಯಕೃತ್ತು ಊದಿಕೊಂಡದ್ದು 2021ರಲ್ಲಿ ವರದಿಯಾಯಿತು. ಮರುವರ್ಷ ದೇಶದ 13 ಆಸ್ಪತ್ರೆಗಳಿಂದ 43 ಜನರ ವಿವರ ಬಂತು. ಬೇರೆ ಬಳ್ಳಿಯನ್ನು ಅಮೃತಬಳ್ಳಿ ಅಂದುಕೊಂಡಿರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪ ಎತ್ತಿತು. ಇರಬಹುದು. ಆದರೆ ಹಾಗಿದ್ದರೂ ನಿಮಗೆ ನೆಮ್ಮದಿ ಎಲ್ಲಿದೆ ಹೇಳಿ? ಪುಡಿ ಮಾಡಿದ ಮೇಲೆ ಯಾವ ಬಳ್ಳಿ ಅಂತ ನನಗೂ ಕಣ್ಣಲ್ಲಿ ಗುರುತಿಸಲು ಆಗುವುದಿಲ್ಲ. ಸೂಕ್ಷ್ಮದರ್ಶಕ ಬೇಕು.

ಪುಡಿಯ ತೊಂದರೆ ಇರುವುದು ಇಲ್ಲೇ. ಗ್ರಂಥಿಗೆ ಅಂಗಡಿಯಲ್ಲಿ ಒಂದೇ ಹೆಸರಿನಲ್ಲಿ ಎರಡು ಮೂರು ಗಿಡ ಬರುತ್ತವೆ. ಗಿಡ ಸರಿಯಾದದ್ದೇ ಆದರೂ ಚಳ್ಳಕೆರೆಯ ಒಣ ನೆಲದಲ್ಲಿ ಬೆಳೆದ ಎಲೆಗೂ ಮಲೆನಾಡಿನ ಎಲೆಗೂ ಸತ್ವದ ಪ್ರಮಾಣ ಒಂದೇ ಇರುವುದಿಲ್ಲ. ಮೊಗ್ಗಿನ ಕಾಲದ ಎಲೆ, ಬಲಿತ ಎಲೆ, ನೆರಳಲ್ಲಿ ಒಣಗಿಸಿದ್ದು, ಬಿಸಿಲಲ್ಲಿ ಒಣಗಿಸಿದ್ದು ಎಲ್ಲಾ ಬೇರೆ ಬೇರೆ. ಕೆಲವು ದೇಶಗಳಲ್ಲಿ "ಗಿಡಮೂಲಿಕೆ" ಎಂದು ಮಾರುವ ಶುಗರ್ ಪುಡಿಯಲ್ಲಿ ಗ್ಲಿಬೆನ್‌ಕ್ಲಮೈಡ್ ಎಂಬ ಶುಗರ್ ಮಾತ್ರೆಯನ್ನೇ ಅರೆದು ಸೇರಿಸಿದ್ದು ಸಿಕ್ಕಿಬಿದ್ದಿದೆ. ಆಗ ಶುಗರ್ ಖಂಡಿತ ಇಳಿಯುತ್ತದೆ. ನಿಮ್ಮ ಮಾವ ಅಂಥವರು ಅಂತ ನಾನು ಹೇಳುತ್ತಿಲ್ಲ. ಅವರು ಪ್ರೀತಿಯಿಂದ ತಂದಿದ್ದಾರೆ. ಅವರಿಗೆ ಮಾರಿದವರು ಏನು ಹಾಕಿದ್ದಾರೆ ಅಂತ ಅವರಿಗೂ ಗೊತ್ತಿಲ್ಲ.

ಪುಡಿಯಲ್ಲಿ ಕಾಳುಮೆಣಸು, ಹಿಪ್ಪಲಿ ಇದೆಯೇ ಕೇಳಿ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಅರಿಶಿನದ ಕರ್ಕ್ಯುಮಿನ್ ಎರಡು ಗ್ರಾಂ ಕೊಟ್ಟರೂ ರಕ್ತದಲ್ಲಿ ಹೆಚ್ಚುಕಡಿಮೆ ಕಾಣಲೇ ಇಲ್ಲ. ಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದರೆ ಸುಮಾರು ಇಪ್ಪತ್ತು ಪಟ್ಟು ಏರಿತು. ಅಡುಗೆಯ ಮೆಣಸಿಗೆ ಹೆದರಬೇಕಿಲ್ಲ. ಆದರೆ ಔಷಧಿಯ ಪ್ರಮಾಣದಲ್ಲಿ ದಿನಾ ತಿಂದರೆ ಅದು ಅರಿಶಿನವನ್ನು ಮಾತ್ರ ಏರಿಸುವುದಿಲ್ಲ. ಫಿಟ್ಸ್‌ಗೆ ಕೊಡುವ ಮಾತ್ರೆಯಂಥವನ್ನೂ ಏರಿಸುತ್ತದೆ.

ನನ್ನ ಸೋದರಮಾವ ಹರಿಹರದಲ್ಲಿದ್ದರು. ಅವರೂ ಹೀಗೇ ಒಂದು ಪುಡಿ ನಂಬಿ ಮಾತ್ರೆ ಬಿಟ್ಟರು. ನನಗೆ ಹೇಳಲಿಲ್ಲ, ಬೈಯುತ್ತಾನೆ ಅಂತ. ಏಳು ತಿಂಗಳ ಮೇಲೆ ಕಾಲಿಗೆ ಚಪ್ಪಲಿ ಕಚ್ಚಿದ ಗಾಯ ಕಪ್ಪಗಾಗಿ ನಮ್ಮ ಮನೆಗೆ ಬಂದರು. ಎರಡು ಬೆರಳು ತೆಗೆಯಬೇಕಾಯಿತು. ಅವರು ಹೇಳದೇ ಇದ್ದದ್ದಕ್ಕೆ ನನ್ನ ನಾಲಗೆಯೂ ಕಾರಣ ಅಂತ ಇವತ್ತಿಗೂ ಅನ್ನಿಸುತ್ತದೆ. ಅದಕ್ಕೇ ನಿಮಗೆ ಹೇಳುತ್ತೇನೆ, ಅಪ್ಪಾಜಿಯ ಜೊತೆ ಜಗಳ ಆಡಬೇಡಿ. ಮಾವನನ್ನು ಮನೆಯವರ ಮುಂದೆ ಹಂಗಿಸಬೇಡಿ.

ಹೀಗೆ ಕೇಳಿ ನೋಡಿ: "ಅಪ್ಪಾಜಿ, ಪುಡಿ ಕೆಲಸ ಮಾಡ್ತಿದ್ರೆ ರಕ್ತದಲ್ಲಿ ಗೊತ್ತಾಗುತ್ತೆ ಅಲ್ವಾ? ಸುಮ್ನೆ ಒಂದ್ಸಲ ನೋಡಿಸೋಣ." ಇದಕ್ಕೆ ಅವರು ಬೇಡ ಅನ್ನುವುದಿಲ್ಲ. ಖಾಲಿ ಹೊಟ್ಟೆಯದು, ಊಟವಾಗಿ ಎರಡು ಗಂಟೆಯದು, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ಜೊತೆಗೆ ಯಕೃತ್ತು, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ರಕ್ತಕಣ. ಹಳೆಯ ಚೀಟಿಯ ಪಕ್ಕ ಇಟ್ಟು ಅವರೇ ಓದಲಿ. ಮಾವನೂ ಜೊತೆಗೆ ಬರಲಿ. ಮೆಟ್‌ಫಾರ್ಮಿನ್ ಹೊಟ್ಟೆ ಕೆಡಿಸುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಲಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಇದೆ, ಊಟದ ಜೊತೆ ತೆಗೆದುಕೊಂಡರೆ ತ್ರಾಸ ಕಡಿಮೆ. ಆ ಒಂದು ತೊಂದರೆ ಯಾರೂ ಕೇಳದೇ ಇದ್ದದ್ದಕ್ಕೇ ಅವರು ಮಾತ್ರೆ ಬಿಟ್ಟಿರಲೂಬಹುದು.

ಗಿಡದ ಮೇಲಿನ ಅವರ ನಂಬಿಕೆಗೆ ಅಡುಗೆಮನೆಯಲ್ಲಿ ಜಾಗ ಕೊಡಿ. ಮೆಂತ್ಯ ಒಳ್ಳೆಯದು. ಅದರ ಅಂಟಿನಂಥ ನಾರು ಹೊಟ್ಟೆಯಲ್ಲಿ ಊದಿ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ರಾತ್ರಿ ಒಂದು ಚಮಚ ನೆನೆಸಿ ಬೆಳಿಗ್ಗೆ ತಿನ್ನಲಿ, ಡಾಕ್ಟರಿಗೆ ತಿಳಿಸಿರಲಿ. ರಕ್ತ ತೆಳು ಮಾಡುವ ಮಾತ್ರೆ ಇರುವವರು ಮಾತ್ರ ಕೇಳದೇ ತಿನ್ನಬಾರದು. ಹಾಗಲಕಾಯಿ ಪಲ್ಯ ಮಾಡಿ. ಥಾಯ್ಲೆಂಡಿನ ಒಂದು ಅಧ್ಯಯನದಲ್ಲಿ ದಿನಕ್ಕೆ ಎರಡು ಗ್ರಾಂ ಒಣ ಹಾಗಲ ಸ್ವಲ್ಪ ಕೆಲಸ ಮಾಡಿತು, ಆದರೆ ಒಂದು ಗ್ರಾಂ ಮೆಟ್‌ಫಾರ್ಮಿನ್‌ನಷ್ಟು ಅಲ್ಲ. ಹೊಸದುರ್ಗದ ಕಡೆಯ ಸಾವೆ, ನವಣೆ ಸಿಕ್ಕರೆ ಅನ್ನದ ಬದಲಿಗೆ ಒಂದು ಹೊತ್ತು ಇರಲಿ, ಅನ್ನದಷ್ಟೇ ಬಡಿಸಿದರೆ ಲಾಭ ಇಲ್ಲ. ಸಂಜೆಯ ಮಂಡಕ್ಕಿ, ಮಿರ್ಚಿ ನಮ್ಮ ಕಡೆಯವರಿಗೆ ಬಿಡುವುದು ಕಷ್ಟ, ನನಗೂ ಗೊತ್ತು. ಮಂಡಕ್ಕಿ ಶುಗರನ್ನು ಬಹಳ ಬೇಗ ಏರಿಸುತ್ತದೆ. ಬಟ್ಟಲಿನ ಬದಲು ಒಂದು ಹಿಡಿ, ಮೇಲೆ ಹುರಿಗಡಲೆ, ಈರುಳ್ಳಿ, ಸೌತೆಕಾಯಿ ಜಾಸ್ತಿ.

ಮಾತ್ರೆ ಮತ್ತೆ ಶುರುವಾದ ಮೇಲೆ ಬೆವರು, ನಡುಕ, ವಿಪರೀತ ಹಸಿವು, ಮಾತು ಮಂಕಾಗುವುದು ಕಂಡರೆ ಶುಗರ್ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಕಣ್ಣು, ಮೂತ್ರ ಹಳದಿಯಾದರೂ ತಡ ಮಾಡಬೇಡಿ.

ನಿತ್ಯಪುಷ್ಪದ ಗಿಡ ಕೀಳಬೇಡಿ. ಬೇಸಿಗೆಯಲ್ಲಿ ನೀರು ಹಾಕದಿದ್ದರೂ ಹೂ ಕೊಡುವ ಗಿಡ ಅದು, ದೇವರ ಫೋಟೋಗೆ ಇರಲಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ಆಡು ಮೇಕೆ ಕಟ್ಟಿದ್ದರೆ ಅವು ಬಾಯಿ ಹಾಕದ ಹಾಗೆ ಒಂದು ಬೇಲಿ ಹಾಕಿ.